ತೆರೆಯದ ಸ್ಲೈಡ್: ಮಾಡಬೇಕಾದ್ದು, ಮಾಡಬಾರದ್ದು

ಬೀರುವಿನಲ್ಲಿ ಮಲಗಿರುವ ಪಿಸ್ತೂಲು ವರ್ಷಕ್ಕೊಮ್ಮೆ ಹೊರಬರುತ್ತದೆ. ಕೊಡಗಿನಲ್ಲಿ ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್‌ಗೆ, ಉಳಿದ ಕಡೆ ನವರಾತ್ರಿಯ ಆಯುಧಪೂಜೆಗೆ. ಇದಲ್ಲದೆ ಇನ್ನೊಂದು ಕಾಲವಿದೆ. ಚುನಾವಣೆ ಮುಗಿದು, ಠೇವಣಿ ಇಟ್ಟ ಆಯುಧ ವಾರಗಟ್ಟಲೆ ಎಣ್ಣೆ ಕಾಣದೆ ಮನೆಗೆ ಮರಳುವ ಕಾಲ. ಕೋವಿ ಅಂಗಡಿಯವರಿಗೆ ಆಗ ಬರುವ ಫೋನುಗಳಲ್ಲಿ ಮಾತು ಒಂದೇ: ‘ಕ್ಲೀನ್ ಮಾಡೋಣ ಅಂತ ಬಿಚ್ಚೋಕೆ ಹೋದೆ, ಸ್ಲೈಡ್ ಬರ್ತಾ ಇಲ್ಲ.’

ಲೈಸೆನ್ಸ್ ಇಟ್ಟುಕೊಂಡವರು ಮತ್ತು ಕೊಡಗಿನಲ್ಲಿ ಲೈಸೆನ್ಸಿನಿಂದ ವಿನಾಯಿತಿ ಪತ್ರ ಪಡೆದವರು, ಇಬ್ಬರೂ ಓದಬೇಕಾದ ಸೂಚನೆಯಿದು. ಲೈಸೆನ್ಸೂ ಇಲ್ಲ, ಪತ್ರವೂ ಇಲ್ಲ ಎನ್ನುವವರು ಪಿಸ್ತೂಲು ಮುಟ್ಟುವಂತೆಯೇ ಇಲ್ಲ. ಆ ಮಾತು ಅಲ್ಲಿಗೆ ಮುಗಿಯಿತು.

ಎಲ್ಲಕ್ಕಿಂತ ಮೊದಲಿನ ನಿಯಮ: ತೆರೆಯದ ಪಿಸ್ತೂಲನ್ನು ತೋಟಾ ತುಂಬಿದ ಪಿಸ್ತೂಲೆಂದೇ ಎಣಿಸಿ. ಖಾಲಿಯೋ ಅಲ್ಲವೋ ಎಂದು ತಿಳಿಯಲು ಇರುವ ದಾರಿ ಸ್ಲೈಡ್ ಹಿಂದಕ್ಕೆಳೆದು ಚೇಂಬರ್ ನೋಡುವುದು. ಸ್ಲೈಡೇ ಬಾರದಿದ್ದ ಮೇಲೆ ಚೇಂಬರ್ ಕಂಡವರಾರು? ‘ಹೋದ ವರ್ಷ ನಾನೇ ಖಾಲಿ ಮಾಡಿಟ್ಟಿದ್ದೆ’ ಎನ್ನುವುದು ನೆನಪು, ಸಾಕ್ಷಿಯಲ್ಲ. ಹಾಗಾಗಿ ಮುಂದೆ ಹೇಳುವ ಪ್ರತಿಯೊಂದು ಕೆಲಸವನ್ನೂ ಒಳಗೊಂದು ತೋಟಾ ಇದೆ ಎಂದುಕೊಂಡೇ ಮಾಡಬೇಕು.

ಕೈ ಹಾಕುವ ಮೊದಲು

ಎಲ್ಲಿ ಕೂತಿದ್ದೀರಿ ನೋಡಿಕೊಳ್ಳಿ. ನಳಿಕೆಯ ಬಾಯಿ ಯಾವ ಕಡೆಗೆ ತಿರುಗಿದರೆ ಯಾರಿಗೂ ಅಪಾಯವಿಲ್ಲ ಎಂಬುದನ್ನು ಪಿಸ್ತೂಲು ಕೈಗೆತ್ತಿಕೊಳ್ಳುವ ಮೊದಲೇ ತೀರ್ಮಾನಿಸಿ. ಮಹಡಿ ಮನೆಯಲ್ಲಿ ನೆಲವೂ ಸುರಕ್ಷಿತವಲ್ಲ, ಕೆಳಗೆ ಬಾಡಿಗೆಯವರಿದ್ದಾರೆ. ಟೊಳ್ಳು ಬ್ಲಾಕಿನ ಗೋಡೆ, ಪ್ಲೈವುಡ್ ಬಾಗಿಲು, ಹೆಂಚು ಇವೆಲ್ಲ ಗುಂಡು ತಡೆಯುತ್ತವೆಂದು ನಂಬಬೇಡಿ. ಒಂದಡಿಗೂ ಹೆಚ್ಚು ಆಳಕ್ಕೆ ಒಣ ಮರಳು ತುಂಬಿದ ಲೋಹದ ಬಕೆಟ್ ತಂದು, ಆದಷ್ಟು ಮಟ್ಟಿಗೆ ಮಣ್ಣಿನ ನೆಲದ ಮೇಲೆ ಇಟ್ಟು, ನಳಿಕೆಯನ್ನು ಅದರತ್ತ ಹಿಡಿಯಿರಿ. ನಳಿಕೆ ಮರಳಿಗೆ ತಾಗಬಾರದು. ಬಾಯಿಗೆ ಮರಳು ತುಂಬಿದ ನಳಿಕೆ ಇನ್ನೊಂದು ಅನಾಹುತಕ್ಕೆ ದಾರಿ.

ಮಕ್ಕಳನ್ನು, ನೆಂಟರನ್ನು, ‘ನಾನೂ ಒಂದು ಕೈ ನೋಡ್ತೀನಿ’ ಎನ್ನುವ ಭಾವಮೈದುನನನ್ನು ಹೊರಗೆ ಕಳಿಸಿ. ಹಬ್ಬದ ದಿನ ಈ ಕೆಲಸ ಹಚ್ಚಿಕೊಳ್ಳಬೇಡಿ. ಹಿಂದಿನ ವಾರವೇ ಮಾಡಿ ಮುಗಿಸಿ. ಪೂಜೆಗೆ ಹೊತ್ತಾಯಿತೆಂಬ ಅವಸರವೂ ಮಧ್ಯಾಹ್ನದ ಔತಣದ ಅಮಲೂ ಸೇರಿದ ಕಡೆ ಆಯುಧ ಬಿಚ್ಚುವುದು ಬೇಡವೇ ಬೇಡ. ಕನ್ನಡಕ ಹಾಕಿಕೊಳ್ಳಿ, ಕಣ್ಣು ಚೆನ್ನಾಗಿದ್ದರೂ ಹಾಕಿಕೊಳ್ಳಿ. ಒತ್ತಡದಲ್ಲಿರುವ ಸ್ಪ್ರಿಂಗ್ ತಪ್ಪಿ ಹಾರಿದರೆ ನೇರ ಮುಖಕ್ಕೇ ಬರುತ್ತದೆ.

ಇನ್ನು ಕ್ರಮ. ಬೆರಳು ಟ್ರಿಗರ್‌ನಿಂದ ದೂರ, ಫ್ರೇಮಿನ ಪಕ್ಕಕ್ಕೆ ನೀಟಾಗಿ ಚಾಚಿರಲಿ. ಮೊದಲು ಮ್ಯಾಗಜಿನ್ ಹೊರಗೆ. ಆಮೇಲೆ ಸ್ಲೈಡ್. ಇದನ್ನು ಹಿಂದುಮುಂದು ಮಾಡಬೇಡಿ. ಮ್ಯಾಗಜಿನ್ ಒಳಗಿರುವಾಗ ಸ್ಲೈಡ್ ಎಳೆದರೆ ಚೇಂಬರಿನಲ್ಲಿದ್ದ ತೋಟಾ ಹೊರಗೆ ಬೀಳುತ್ತದೆ, ಬಿಟ್ಟೊಡನೆ ಇನ್ನೊಂದು ಒಳಗೆ ಹೋಗಿ ಕೂರುತ್ತದೆ. ಬಿದ್ದದ್ದನ್ನು ಕಂಡವನು ಖಾಲಿಯಾಯಿತೆಂದು ನಂಬುತ್ತಾನೆ. ಸ್ವಚ್ಛ ಮಾಡುವಾಗ ಆಗುವ ಅಪಘಾತಗಳ ಹಿಂದಿರುವ ಹಳೆಯ ತಪ್ಪು ಇದೇ. ಮ್ಯಾಗಜಿನ್ ತೆಗೆದೊಡನೆ ಪಿಸ್ತೂಲು ಖಾಲಿಯಾಯಿತು ಎಂದುಕೊಳ್ಳುವುದು ಅದರದೇ ಅಣ್ಣ.

ತೆಗೆದ ಮ್ಯಾಗಜಿನ್ ಮತ್ತು ಮನೆಯಲ್ಲಿರುವ ಎಲ್ಲ ತೋಟಾಗಳನ್ನು ಬೇರೆ ಕೋಣೆಗೆ ಸಾಗಿಸಿ ಬೀಗ ಹಾಕಿ. ಅದೇ ಮೇಜಿನ ಮೂಲೆಯಲ್ಲಿ ಇಟ್ಟುಕೊಂಡರೆ ಸಾಲದು.

ಬಲ ಹಾಕಬೇಡಿ, ಕಾರಣ ಹುಡುಕಿ

ಸ್ಲೈಡ್ ಬಾರದಿದ್ದಾಗ ಗಂಡಸರ ಕೈಗೆ ಮೊದಲು ಬರುವುದು ಬಲ. ಆ ಮೇಲೆ ಪಕ್ಕಡ, ಅದೂ ಸೋತರೆ ಸುತ್ತಿಗೆ. ಹೀಗೆ ಹೋದವರು ತಡೆ ಏನೆಂದು ಒಮ್ಮೆಯೂ ಕೇಳಿಕೊಂಡಿರುವುದಿಲ್ಲ. ಸಣ್ಣ ಪಿಸ್ತೂಲಿನ ಸ್ಲೈಡ್ ಬಾರದಿರಲು ಕಾರಣಗಳು ಕೆಲವೇ ಇವೆ, ಬಹುಪಾಲು ಕೈಬೆರಳಿಂದಲೇ ಪರಿಹಾರವಾಗುವಂಥವು.

ಸೇಫ್ಟಿ ಎಲ್ಲಿದೆ ನೋಡಿ. ಹಳೆಯ ಕೋಲ್ಟ್ 1903ರಲ್ಲಿ ಸೇಫ್ಟಿ ಮೇಲಕ್ಕೆತ್ತಿದ್ದರೆ ಸ್ಲೈಡ್ ಒಂದೆಳೆಯೂ ಅಲುಗುವುದಿಲ್ಲ. ಹಾಗಿರುವುದೇ ಅದರ ಕೆಲಸ. ಎಷ್ಟೋ ಮನೆಗಳಲ್ಲಿ ‘ತುಕ್ಕು ಹಿಡಿದು ಕೂತಿದೆ’ ಎಂದು ವರ್ಷಗಟ್ಟಲೆ ದೂರಿಸಿಕೊಂಡ ಪಿಸ್ತೂಲು ಸೇಫ್ಟಿ ಇಳಿಸಿದ ಕೂಡಲೇ ತೆರೆದುಕೊಳ್ಳುತ್ತದೆ. ವಾಲ್ಟರ್ ಪಿಪಿಯಲ್ಲಿ ಹಾಗಲ್ಲ. ಅದರ ಸೇಫ್ಟಿ ಸ್ಲೈಡಿನ ಮೇಲೆಯೇ ಇದೆ, ಹಾಕಿದ್ದರೂ ಸ್ಲೈಡ್ ಚಲಿಸುತ್ತದೆ. ಒಂದರ ಪಾಠವನ್ನು ಇನ್ನೊಂದಕ್ಕೆ ಹಚ್ಚಬೇಡಿ. ಸೇಫ್ಟಿ ಇಳಿಸಬೇಕಾಗಿ ಬಂದಾಗ ಮೊದಲ ನಿಯಮ ಇನ್ನಷ್ಟು ಗಟ್ಟಿಯಾಗಿ ನೆನಪಿರಲಿ: ನಳಿಕೆ ಮರಳಿನತ್ತ, ಬೆರಳು ಹೊರಗೆ.

ಸ್ಪ್ರಿಂಗಿನ ಗಡಸನ್ನು ಸಿಕ್ಕಿಕೊಂಡಿದೆ ಎಂದು ತಪ್ಪು ತಿಳಿಯಬೇಡಿ. ಪಿಸ್ತೂಲು ಸಣ್ಣದಾದಷ್ಟೂ ಸ್ಲೈಡ್ ಹಗುರ, ಅದು ಓಡುವ ದಾರಿಯೂ ಗಿಡ್ಡ. ಅದೇ ಹೊಡೆತ ತಡೆಯಲು ಸ್ಪ್ರಿಂಗ್ ಗಟ್ಟಿಯಾಗಿರಲೇಬೇಕು. ವಾಲ್ಟರ್ ಪಿಪಿಯಂಥ .32 ಪಿಸ್ತೂಲಿನಲ್ಲಿ ನಳಿಕೆಗೂ ಸ್ಲೈಡಿಗೂ ನಡುವೆ ಕೊಂಡಿಯೇ ಇಲ್ಲ. ಸಿಡಿತದ ಒತ್ತಡವನ್ನು ತಾಳುವುದು ಸ್ಲೈಡಿನ ತೂಕ ಮತ್ತು ಸ್ಪ್ರಿಂಗ್, ಅಷ್ಟೆ. ಅಲುಗಿ ಮತ್ತೆ ಮುಂದಕ್ಕೆ ಎಳೆದುಕೊಳ್ಳುವ ಸ್ಲೈಡ್ ಸಿಕ್ಕಿಕೊಂಡಿಲ್ಲ, ನಿಮ್ಮ ಹಿಡಿತ ಸಾಲದಾಗಿದೆ.

ಹಿಡಿತ ಹೀಗಿರಲಿ. ಬಲಗೈಯಲ್ಲಿ ಹಿಡಿಕೆ. ಎಡಗೈಯ ನಾಲ್ಕೂ ಬೆರಳು ಸ್ಲೈಡಿನ ಹಿಂಭಾಗದ ಗೀರುಗಳ ಮೇಲೆ, ಮೇಲಿನಿಂದ ಮುಚ್ಚಿ ಹಿಡಿದಿರಲಿ. ಸ್ಲೈಡನ್ನು ಎಳೆಯುವ ಬದಲು ಹಿಡಿಕೆಯನ್ನು ಮುಂದಕ್ಕೆ ತಳ್ಳಿ. ಎರಡು ಕೈಯೂ ಎದೆಗೆ ಹತ್ತಿರವಿದ್ದರೆ ಬಲ ಹೆಚ್ಚು ಸಿಗುತ್ತದೆ. ಇಲ್ಲೇ ಒಂದು ಎಚ್ಚರ ಬೇಕು. ಗಟ್ಟಿ ಸ್ಲೈಡ್ ಎಳೆಯುವವರು ತಮಗರಿವಿಲ್ಲದೆ ಪಿಸ್ತೂಲನ್ನು ಅಡ್ಡ ತಿರುಗಿಸುತ್ತಾರೆ. ಬಲಗೈಯವರ ನಳಿಕೆ ಎಡಕ್ಕೆ ಹೊರಳುತ್ತದೆ, ಎಡಗಡೆ ಕೂತವರ ಹೊಟ್ಟೆಗೆ ಸರಿಯಾಗಿ. ನಿಮ್ಮದೇ ಎಡ ಮೊಣಕೈಗೂ ತಿರುಗುವುದುಂಟು. ಕೈ ತಿರುಗುವುದಾದರೆ ಮೈಯನ್ನೇ ತಿರುಗಿಸಿ ಕೂರಿ. ನಳಿಕೆ ಮೊದಲೇ ತೀರ್ಮಾನಿಸಿದ ದಿಕ್ಕಿನಲ್ಲೇ ಇರಲಿ.

ಹ್ಯಾಮರ್ ಹೊರಗೆ ಕಾಣುವ ಪಿಸ್ತೂಲಿನಲ್ಲಿ ಹ್ಯಾಮರ್ ಎತ್ತಿಕೊಂಡರೆ ಸ್ಲೈಡ್ ಹಗುರಾಗುತ್ತದೆ ಎಂದು ಬಲ್ಲವರು ಹೇಳುತ್ತಾರೆ. ನಿಜವೇ. ಸ್ಲೈಡ್ ಹಿಂದೆ ಬರುವಾಗ ಹ್ಯಾಮರನ್ನೂ ತಳ್ಳಬೇಕಾದ ಭಾರ ತಪ್ಪುತ್ತದೆ. ಆದರೆ ಸ್ಲೈಡ್ ಒಂದಿಷ್ಟೂ ಅಲುಗದಿರುವಾಗ ಈ ಉಪಾಯ ಬೇಡ. ಹ್ಯಾಮರ್ ಎತ್ತಿದ ಮೇಲೂ ಅದು ಬಾರದಿದ್ದರೆ ನಿಮ್ಮ ಕೈಯಲ್ಲಿ ಉಳಿಯುವುದು ತುಂಬಿರಬಹುದಾದ, ಎತ್ತಿ ನಿಲ್ಲಿಸಿದ, ಖಾಲಿ ಮಾಡಲಾಗದ ಪಿಸ್ತೂಲು. ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ.

ತೋಟಾ ಇದೆಯೆಂದು ತೋರಿಸುವ ಗುರುತು ಕೆಲವು ಪಿಸ್ತೂಲುಗಳಲ್ಲಿದೆ. .32 ವಾಲ್ಟರ್ ಪಿಪಿಯ ಹ್ಯಾಮರ್ ಮೇಲ್ಗಡೆ ಒಂದು ಪುಟ್ಟ ಪಿನ್ನು ಚಾಚಿಕೊಳ್ಳುತ್ತದೆ. ಸ್ಲೈಡ್ ಬಾರದಿದ್ದಾಗ ಇದನ್ನು ಮರೆಯದೆ ನೋಡಿ. ಚಾಚಿದ್ದರೆ ತುಂಬಿದೆ ಎಂದೇ ಅರ್ಥ. ಚಾಚಿಲ್ಲ ಎಂದ ಮಾತ್ರಕ್ಕೆ ಖಾಲಿ ಎಂದಲ್ಲ, ಹಳೆಯ ಎಣ್ಣೆಯ ಜಿಡ್ಡಿನಲ್ಲಿ ಪಿನ್ನೂ ಸಿಕ್ಕಿಕೊಂಡಿರಬಹುದು.

ಯಾವ ಪಿಸ್ತೂಲು, ಎಷ್ಟು ಹಿಂದಕ್ಕೆ?

ಭಾರತದಲ್ಲಿ 9 ಎಂಎಂ ನಿಷೇಧಿತ ಬೋರ್. ಹಾಗಾಗಿ ಇಲ್ಲಿನ ಮನೆಗಳಲ್ಲಿರುವ ಸಣ್ಣ ಪಿಸ್ತೂಲು ಸಾಮಾನ್ಯವಾಗಿ .32, ಅಂದರೆ 7.65 ಎಂಎಂ. ಒಂದೋ ಆರ್ಡ್‌ನೆನ್ಸ್ ಫ್ಯಾಕ್ಟರಿಯದು, ಇಲ್ಲವೇ ಅಜ್ಜನ ಕಾಲದ ವಾಲ್ಟರ್, ಕೋಲ್ಟ್, ಬ್ರೌನಿಂಗ್. ಅಮೆರಿಕದಲ್ಲಿ ನೆಲೆಸಿದ ನಮ್ಮವರಲ್ಲಿ ಆಯುಧ ಇಟ್ಟುಕೊಂಡವರ ಕೈಯಲ್ಲಿ ಗ್ಲಾಕ್ 19, ಸಿಗ್ ಪಿ365 ಇರಬಹುದು. ಹೆಸರು ಹಿಡಿದು ಹೇಳಲು ಕಾರಣವಿದೆ. ‘ಸ್ಲೈಡ್ ಸಿಕ್ಕಿದೆ’ ಎಂಬ ದೂರಿನಲ್ಲಿ ದೊಡ್ಡ ಪಾಲು ಸ್ಲೈಡ್ ಕೆಟ್ಟದ್ದಲ್ಲ, ಅದನ್ನು ಬೇಕಾದ್ದಕ್ಕಿಂತ ಕಡಿಮೆಯೋ ಹೆಚ್ಚೋ ಎಳೆದದ್ದು.

ಗ್ಲಾಕ್ 19 ಬಿಚ್ಚುವವರು ಗಮನವಿಟ್ಟು ಕೇಳಬೇಕು. ಈ ಪಿಸ್ತೂಲು ಬಿಚ್ಚುವ ಮೊದಲು ಟ್ರಿಗರ್ ಎಳೆದೇ ತೀರಬೇಕು. ಟ್ರಿಗರ್ ಮುಂದಿದ್ದರೆ ಒಳಗಿನ ಸ್ಟ್ರೈಕರ್ ಟ್ರಿಗರ್ ಬಾರಿಗೆ ತಗುಲಿಕೊಂಡು ಸ್ಲೈಡನ್ನು ಬಿಡುವುದಿಲ್ಲ. ಟ್ರಿಗರ್ ಹಿಂದಕ್ಕೆ ಹೋದ ಮೇಲೆ ಸ್ಲೈಡನ್ನು ಸುಮಾರು 3 ಮಿಲಿಮೀಟರ್ ಮಾತ್ರ ಹಿಂದಕ್ಕೆ ತಂದು, ಫ್ರೇಮಿನ ಎರಡೂ ಪಕ್ಕದ ಲಾಕ್ ತುದಿಗಳನ್ನು ಒಟ್ಟಿಗೆ ಕೆಳಕ್ಕೆಳೆದು, ಸ್ಲೈಡನ್ನು ಮುಂದಕ್ಕೆ ಬಿಡಬೇಕು. ಎಲ್ಲರೂ ಎಡವುವುದು ಆ 3 ಮಿಲಿಮೀಟರಿನಲ್ಲಿ. ಹೆಚ್ಚು ಎಳೆದುಬಿಡುತ್ತಾರೆ, ‘ಟಿಕ್’ ಎಂದು ಟ್ರಿಗರ್ ಮತ್ತೆ ಮುಂದೆ ಬರುತ್ತದೆ, ಸ್ಲೈಡ್ ಇದ್ದಲ್ಲೇ ನಿಲ್ಲುತ್ತದೆ. ಲಾಕಿನ ಒಂದೇ ಪಕ್ಕ ಕೆಳಗಿಳಿದಿದ್ದರೂ ಹಾಗೇ ಆಗುತ್ತದೆ.

ಅಂದರೆ ಮತ್ತೆ ಮೊದಲಿನಿಂದ, ಮತ್ತೆ ಟ್ರಿಗರ್ ಎಳೆತ. ಅದಕ್ಕಾಗಿ ಈ ಮಾತು ಗಟ್ಟಿಯಾಗಿರಲಿ: ಟ್ರಿಗರ್ ಎಳೆಯುವ ಪ್ರತಿ ಸಲವೂ ಅದಕ್ಕೆ ಮುಂಚೆ ಸ್ಲೈಡ್ ಪೂರ್ತಿ ಹಿಂದಕ್ಕೆ ತೆರೆದು, ಚೇಂಬರನ್ನು ಕಣ್ಣಿಂದ ನೋಡಿ, ಕಿರುಬೆರಳಿಂದ ಮುಟ್ಟಿ. ಮೊದಲ ಸಲ ನೋಡಿದ್ದು ಎರಡನೇ ಸಲಕ್ಕೆ ಲೆಕ್ಕವಿಲ್ಲ. ನಡುವೆ ಯಾರೋ ಬಾಗಿಲು ಬಡಿದು, ನೀವು ಎದ್ದು ಹೋಗಿ ಬಂದಿದ್ದರಂತೂ ಖಂಡಿತ ಇಲ್ಲ. ಚೇಂಬರ್ ತೆರೆದು ನೋಡಲಾಗದ ಗ್ಲಾಕಿನ ಟ್ರಿಗರ್ ಎಳೆಯುವಂತೆಯೇ ಇಲ್ಲ. ‘ಬಿಚ್ಚಬೇಕಾದರೆ ಎಳೆಯಬೇಕಲ್ಲ’ ಎಂಬ ವಾದ ನಡೆಯದು. ಅಂಥದ್ದು ರಿಪೇರಿಯವರ ಕೈಗೆ.

ಸಿಗ್ ಪಿ365ರಲ್ಲಿ ಟ್ರಿಗರ್ ಎಳೆಯಬೇಕಾಗಿಲ್ಲ, ಎಳೆಯಲೂ ಬೇಡಿ. ಮ್ಯಾಗಜಿನ್ ತೆಗೆದು, ಸ್ಲೈಡನ್ನು ಪೂರ್ತಿ ಹಿಂದಕ್ಕೆಳೆದು ಲಾಕ್ ಮಾಡಿ ನಿಲ್ಲಿಸಿದ ಮೇಲೆ ಪಕ್ಕದ ಲಿವರ್ ತಿರುಗುತ್ತದೆ. ಲಿವರ್ ತಿರುಗುತ್ತಿಲ್ಲ ಎಂದರೆ ಸ್ಲೈಡ್ ಇನ್ನೂ ಸರಿಯಾಗಿ ಹಿಂದೆ ನಿಂತಿಲ್ಲ. ಲಿವರನ್ನು ಸ್ಕ್ರೂಡ್ರೈವರಿನಿಂದ ಮೀಟಬೇಡಿ.

ವಾಲ್ಟರ್ ಪಿಪಿ, ಪಿಪಿಕೆಗಳದು ಬೇರೆಯೇ ರೀತಿ. 1929ರಲ್ಲಿ ಬಂದ ಈ ವಿನ್ಯಾಸದಲ್ಲಿ ನಳಿಕೆ ಫ್ರೇಮಿಗೇ ಬಿಗಿದಿರುತ್ತದೆ, ಸ್ಪ್ರಿಂಗ್ ಅದನ್ನು ಸುತ್ತಿಕೊಂಡಿರುತ್ತದೆ. ಟ್ರಿಗರ್ ಸುತ್ತಲಿನ ಬಳೆ ಬರಿಯ ಬಳೆಯಲ್ಲ, ಸ್ಲೈಡ್ ಇಷ್ಟಕ್ಕಿಂತ ಹಿಂದೆ ಹೋಗಬಾರದೆಂದು ತಡೆಯುವ ಬೀಗವೂ ಹೌದು. ಚೇಂಬರ್ ಖಾಲಿ ಎಂದು ನೋಡಿದ ಮೇಲೆ ಬಳೆಯ ಮುಂತುದಿಯನ್ನು ಕೆಳಕ್ಕೆಳೆದು, ಒಂದು ಪಕ್ಕಕ್ಕೆ ಒತ್ತಿ ಫ್ರೇಮಿನ ಅಂಚಿಗೆ ಆನಿಸಿ ನಿಲ್ಲಿಸಬೇಕು. ಆಮೇಲೆ ಸ್ಲೈಡನ್ನು ತುದಿಯವರೆಗೂ ಹಿಂದಕ್ಕೆಳೆದು, ಹಿಂಭಾಗವನ್ನು ಮೇಲಕ್ಕೆತ್ತಿ, ನಿಧಾನವಾಗಿ ಮುಂದಕ್ಕೆ ಬಿಡಬೇಕು. ಎತ್ತಲು ಬರುತ್ತಿಲ್ಲವೇ? ಬಳೆ ಜಾರಿ ತನ್ನ ಜಾಗಕ್ಕೆ ಮರಳಿರುತ್ತದೆ, ಇಲ್ಲವೇ ಸ್ಲೈಡ್ ಇನ್ನೂ ಕೊನೆ ಮುಟ್ಟಿಲ್ಲ. ಬಳೆಯ ಕೆಳಗೆ ಪ್ಲಾಸ್ಟಿಕ್ ಅಥವಾ ಮರದ ತುಂಡು ಸಿಕ್ಕಿಸಿ ನಿಲ್ಲಿಸುವುದು ಸರಿ, ಬಳೆಯನ್ನು ಬಗ್ಗಿಸಿ ‘ಸಡಿಲ’ ಮಾಡುವುದು ತಪ್ಪು. ಸ್ಲೈಡನ್ನು ಮೇಲೆತ್ತಿದ ಕ್ಷಣದಿಂದ ಸ್ಪ್ರಿಂಗ್ ಅದನ್ನು ಮುಂದಕ್ಕೆ ನೂಕುತ್ತಿರುತ್ತದೆ, ಕೈ ಸಡಿಲಿಸಬೇಡಿ.

ಕೋಲ್ಟ್ 1903ರಲ್ಲಿ ಪೂರ್ತಿ ಎಳೆದರೆ ಬಿಚ್ಚಿಕೊಳ್ಳುವುದಿಲ್ಲ. ಸ್ಲೈಡಿನ ಮೇಲಿರುವ ಗುರುತು ಫ್ರೇಮಿನ ಮುಂದಿನ ಅಂಚಿಗೆ ಸರಿಹೊಂದಿದಾಗ ಮಾತ್ರ ನಳಿಕೆಯನ್ನು ತಿರುಗಿಸಲು ಸಾಧ್ಯ. ಗುರುತು ತುಕ್ಕಿನಲ್ಲಿ ಮುಚ್ಚಿಹೋಗಿದ್ದರೆ ಮೊದಲು ಅದನ್ನು ಒರೆಸಿ. ಬ್ರೌನಿಂಗ್ 1910ರಲ್ಲಿ ಮುಂತುದಿಯ ಬಿಲ್ಲೆಯ ಹಿಂದೆ ಸ್ಪ್ರಿಂಗ್ ಅದುಮಿ ಕೂತಿರುತ್ತದೆ. ಅದನ್ನು ಬಿಚ್ಚುವಾಗ ಬಿಲ್ಲೆಯ ಮೇಲೆ ಹೆಬ್ಬೆರಳಿರಬೇಕು, ಮುಖ ಪಕ್ಕಕ್ಕಿರಬೇಕು. ಹೆಬ್ಬೆರಳು ನಳಿಕೆಯ ಬಾಯಿಗೆ ಹತ್ತಿರ ಬರುವ ಕೆಲಸವಿದು, ಚೇಂಬರ್ ಖಾಲಿ ಎಂದು ಕಣ್ಣಾರೆ ಕಾಣದೆ ಕೈ ಹಾಕಲೇಬಾರದು. ಕನ್ನಡಕದ ಮಾತು ಬಂದದ್ದೂ ಇದಕ್ಕೇ.

ನಿಮ್ಮ ಪಿಸ್ತೂಲು ಇದಾವುದೂ ಅಲ್ಲವೇ? ಹಾಗಿದ್ದರೆ ಅದರದೇ ಕೈಪಿಡಿ ತರಿಸಿಕೊಳ್ಳಿ. ಮೊಬೈಲಿನಲ್ಲಿ ‘ಇದೇ ತರದ್ದು’ ಎಂದು ಕಂಡ ವಿಡಿಯೊ ನೋಡಿ ಬಿಚ್ಚಬೇಡಿ. ಹೊರನೋಟ ಒಂದೇ ಆಗಿ ಒಳಗಿನ ಬೀಗ ಬೇರೆಯಿರುವ ಪಿಸ್ತೂಲುಗಳು ಬೇಕಾದಷ್ಟಿವೆ.

ಎಣ್ಣೆ, ಕುಂಕುಮ, ಮಳೆಗಾಲ

ನಮ್ಮ ಕಡೆಯ ಪಿಸ್ತೂಲುಗಳಿಗೆ ಅವುಗಳದೇ ಆದ ಕಾಯಿಲೆಗಳಿವೆ, ಯಾವ ಕಂಪನಿಯ ಕೈಪಿಡಿಯಲ್ಲೂ ಬರೆದಿರುವುದಿಲ್ಲ.

ಕೊಬ್ಬರಿ ಎಣ್ಣೆ ಹಾಕಬೇಡಿ. ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಅದು ಹೆಪ್ಪುಗಟ್ಟುತ್ತದೆ. ಮಡಿಕೇರಿಯಲ್ಲೂ ಚಿಕ್ಕಮಗಳೂರಿನ ಗುಡ್ಡದ ಮೇಲೂ ವರ್ಷದ ಎಷ್ಟೋ ಬೆಳಗ್ಗೆ ಅದಕ್ಕಿಂತ ತಣ್ಣಗೇ ಇರುತ್ತದೆ. ಬಿಸಿಲೇರಿದ ಮೇಲೆ ಜಾರುವ ಸ್ಲೈಡ್ ಮುಂಜಾನೆ ಸಿಕ್ಕಿಕೊಳ್ಳುವುದು ಹೀಗೆ. ಹರಳೆಣ್ಣೆ, ಅಡುಗೆ ಎಣ್ಣೆ, ದೀಪದ ಎಣ್ಣೆ ಯಾವುದೂ ಬೇಡ. ಗಾಳಿಗೆ ಒಡ್ಡಿದ ಅಡುಗೆ ಎಣ್ಣೆ ಕಾಲಕ್ರಮದಲ್ಲಿ ಅಂಟಾಗಿ, ಆಮೇಲೆ ಅರಗಿನಂತೆ ಗಟ್ಟಿಯಾಗುತ್ತದೆ. ಕೋವಿ ಎಣ್ಣೆ ಸಿಗದಿದ್ದರೆ ಹೊಲಿಗೆ ಮೆಷಿನ್ನಿನ ಎಣ್ಣೆ ಪರವಾಗಿಲ್ಲ. ಅದೂ ಹನಿ ಲೆಕ್ಕದಲ್ಲಿ.

ಪೂಜೆಯ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಕೈಲ್‌ಪೊಳ್ದ್‌ನಲ್ಲಿ ಕೋವಿಗೆ ತೋಕ್‌ಪೂ ಎಂಬ ಹೂವು ಸಿಕ್ಕಿಸುತ್ತಾರೆ, ಆಯುಧಪೂಜೆಯಲ್ಲಿ ಗಂಧ, ಅರಿಸಿನ, ಕುಂಕುಮ, ಹೂವು. ಯಾರೂ ಇದನ್ನು ಬಿಡಬೇಕಾಗಿಲ್ಲ. ಆದರೆ ಎಣ್ಣೆ ಒಸರುವ ಸ್ಲೈಡಿನ ಸಂದಿಗೆ ಕುಂಕುಮ ಬಿದ್ದರೆ ಎರಡೂ ಸೇರಿ ಅರೆದ ಲೇಪವಾಗುತ್ತದೆ, ಮುಂದಿನ ಹಬ್ಬದ ಹೊತ್ತಿಗೆ ಗಾರೆಯಾಗಿರುತ್ತದೆ. ತೀರ್ಥ ಚಿಮುಕಿಸಿದ್ದು ಒಳಗೆ ಇಳಿದು ತುಕ್ಕಾಗುತ್ತದೆ. ಕರ್ಪೂರದ ಆರತಿಯ ಮಸಿಯೂ ಅಂಟಿಕೊಳ್ಳುತ್ತದೆ. ಹಿಡಿಕೆಯ ಮೇಲೆ ಒಂದು ಬೊಟ್ಟು ಇಡಿ. ಸ್ಲೈಡ್, ನಳಿಕೆಯ ಬಾಯಿ, ಹ್ಯಾಮರ್ ಸುತ್ತ ಬೇಡ. ಹೂವನ್ನು ಪಕ್ಕದಲ್ಲಿಡಿ, ನಳಿಕೆಯೊಳಗೆ ತುರುಕಬೇಡಿ. ಪೂಜೆಗಿಡುವ ಪಿಸ್ತೂಲಿನ ಮ್ಯಾಗಜಿನ್ ಹೊರಗಿರಬೇಕು, ಚೇಂಬರ್ ಖಾಲಿಯಿರಬೇಕು, ತೋಟಾಗಳು ಅದೇ ತಟ್ಟೆಯಲ್ಲಿರಬಾರದು. ತಟ್ಟೆಯ ಶೋಭೆ ಅದರಿಂದ ಕಡಿಮೆಯಾಗುವುದಿಲ್ಲ. ಪೂಜೆ ಮುಗಿದ ಸಂಜೆಯೇ ಒಣ ಬಟ್ಟೆಯಲ್ಲಿ ಒರೆಸಿ.

ಚರ್ಮದ ಚೀಲದಲ್ಲಿಟ್ಟು ಬೀರುವಿಗೆ ತಳ್ಳಬೇಡಿ. ಚರ್ಮ ತೇವ ಹೀರಿಕೊಳ್ಳುತ್ತದೆ, ಹದ ಮಾಡಿದ ರಾಸಾಯನಿಕವೂ ಅದರಲ್ಲಿ ಉಳಿದಿರುತ್ತದೆ. ಆಷಾಢ, ಶ್ರಾವಣ ಕಳೆಯುವಷ್ಟರಲ್ಲಿ ಚೀಲ ತಾಗಿದ ಕಡೆಯೆಲ್ಲ ತುಕ್ಕು.

ಜಿಡ್ಡಿನಿಂದಲೇ ಸಿಕ್ಕಿಕೊಂಡ ಸ್ಲೈಡಿಗೆ ಲಕ್ಷಣವಿದೆ. ಒತ್ತಿದಾಗ ಕೂದಲೆಳೆಯಷ್ಟಾದರೂ ಜಗ್ಗುತ್ತದೆ, ನಿಧಾನವಾಗಿ ಮರಳುತ್ತದೆ. ಅಂಥದ್ದಕ್ಕೆ ಸ್ಲೈಡ್ ಮತ್ತು ಫ್ರೇಮ್ ಕೂಡುವ ಸಂದಿಗೆ ಎರಡೂ ಪಕ್ಕ ತೆಳು ಎಣ್ಣೆಯ ಹನಿ ಬಿಟ್ಟು, ಬೀಗ ಹಾಕಿದ ಪೆಟ್ಟಿಗೆಯಲ್ಲಿ ಒಂದು ರಾತ್ರಿ ಇಡಿ. ಮರುದಿನ ಅದೇ ಕ್ರಮದಲ್ಲಿ, ಅದೇ ದಿಕ್ಕಿನಲ್ಲಿ, ಕೈಯಿಂದ ಮಾತ್ರ ಪ್ರಯತ್ನಿಸಿ. ಎಣ್ಣೆ ಬಿದ್ದಿದೆ, ಒಳಗಿನ ತೋಟಾ ನಂದಿಹೋಗಿರುತ್ತದೆ ಎಂಬ ಲೆಕ್ಕ ಹಾಕಬೇಡಿ. ಕೆಲವು ನಂದುತ್ತವೆ, ಕೆಲವು ನಂದುವುದಿಲ್ಲ, ಯಾವುದು ಎಂದು ಹೊರಗಿನಿಂದ ತಿಳಿಯದು. ಪೆಟ್ರೋಲು ಸುರಿಯಬೇಡಿ. ಒಲೆಯ ಹತ್ತಿರ, ಹೀಟರ್ ಮುಂದೆ, ಬಿಸಿನೀರಿನ ಹಂಡೆಯ ಮೇಲೆ ಇಟ್ಟು ಕಾಯಿಸಬೇಡಿ. ಒಳಗೆ ತೋಟಾ ಇರಬಹುದಾದ ಆಯುಧವನ್ನು ಬೆಂಕಿಯ ಬಳಿ ತರುವವರೂ ಇದ್ದಾರೆಂದೇ ಇದನ್ನು ಬರೆಯಬೇಕಾಗಿದೆ.

ತೋಟಾವೇ ಸಿಕ್ಕಿಕೊಂಡಿದ್ದರೆ

ಕೈಯಿಂದ ಆಗುವ ಕೆಲಸ ಇಲ್ಲಿಗೆ ಮುಗಿಯುತ್ತದೆ.

ಮೂರು ಸಂಗತಿಗಳಲ್ಲಿ ಸ್ಲೈಡನ್ನು ತೋಟಾವೇ ಹಿಡಿದಿರುತ್ತದೆ. ಒಂದು, ತುಕ್ಕು ಹಿಡಿದ ಚೇಂಬರಿನಲ್ಲಿ ವರ್ಷಗಟ್ಟಲೆ ಬಿಟ್ಟ ತೋಟಾ. ಹಿತ್ತಾಳೆಯ ಮೇಲೆ ಹಸಿರು ಕಿಲುಬು ಕಟ್ಟಿ ಚೇಂಬರಿಗೆ ಕಚ್ಚಿಕೊಳ್ಳುತ್ತದೆ. ಎರಡು, ತಪ್ಪು ತೋಟಾ. ನಮ್ಮಲ್ಲಿ ರಿವಾಲ್ವರಿಗೂ .32, ಪಿಸ್ತೂಲಿಗೂ .32. ಕಾನ್ಪುರದ .32 ರಿವಾಲ್ವರಿನದು ಎಸ್ ಅಂಡ್ ಡಬ್ಲ್ಯು ಲಾಂಗ್, ಪಿಸ್ತೂಲಿನದು ಎಸಿಪಿ. ಎರಡರ ದಪ್ಪ ಹೆಚ್ಚುಕಡಿಮೆ ಒಂದೇ, ಆದರೆ ರಿವಾಲ್ವರಿನದರ ಕವಚ 23 ಎಂಎಂ ಉದ್ದ, ಪಿಸ್ತೂಲಿನದು 17 ಎಂಎಂ. ಒಂದೇ ಮನೆಯಲ್ಲಿ ಎರಡೂ ಆಯುಧವಿದ್ದರೆ ತೋಟಾಗಳು ಒಂದೇ ಡಬ್ಬಿಯಲ್ಲಿರಬಾರದು. ಅಂಗಡಿಯಲ್ಲಿ ‘.32 ಕೊಡಿ’ ಎಂದು ಕೇಳಬಾರದು, ಎಸಿಪಿಯೋ ಲಾಂಗೋ ಎಂದು ಹೇಳಬೇಕು. ಮೂರು, ಕೊನೆಯ ಬಾರಿ ಹಾರಿಸಿದಾಗ ಸದ್ದು ಸಪ್ಪೆಯಾಗಿದ್ದರೆ ಗುಂಡು ನಳಿಕೆಯಲ್ಲೇ ನಿಂತಿರಬಹುದು. ಅದರ ಹಿಂದೆ ಇನ್ನೊಂದು ಹಾರಿಸಿದ್ದರೆ ನಳಿಕೆ ಉಬ್ಬಿರುತ್ತದೆ. ಉಬ್ಬಿದ ನಳಿಕೆಯ ಮೇಲೆ ಸ್ಲೈಡ್ ಜಾರುವುದಿಲ್ಲ. ಆ ನಳಿಕೆಯಿಂದ ಮತ್ತೆ ಗುಂಡು ಹಾರಿಸುವ ಮಾತೇ ಇಲ್ಲ.

ಇದಕ್ಕಿಂತ ಹಗುರಾದ ನಾಲ್ಕನೆಯದೂ ಉಂಟು. .32 ಎಸಿಪಿ ತೋಟಾಕ್ಕೆ ಬುಡದಲ್ಲಿ ಸಣ್ಣ ಅಂಚಿದೆ. ಮ್ಯಾಗಜಿನ್ನಿನಲ್ಲಿ ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿನ ಹಿಂದೆ ಬಿದ್ದರೆ ಮೇಲಿನದು ಮುಂದಕ್ಕೆ ಸರಿಯದೆ, ಸ್ಲೈಡ್ ಅರ್ಧಕ್ಕೆ ನಿಲ್ಲುತ್ತದೆ. ಮ್ಯಾಗಜಿನ್ ತುಂಬುವಾಗ ಪ್ರತಿ ತೋಟಾದ ಅಂಚೂ ಕೆಳಗಿನದರ ಮುಂದೆ ಕೂತಿದೆಯೇ ಎಂದು ನೋಡಿದರೆ ಇದು ಬರುವುದೇ ಇಲ್ಲ.

ತೋಟಾ ಸಿಕ್ಕಿದೆ ಎಂದು ಅನುಮಾನ ಬಂದರೆ ನಳಿಕೆಯ ಬಾಯಿಂದ ಸಲಾಕೆ ತೂರಿಸಿ ತಟ್ಟಬೇಡಿ. ಜೀವಂತ ತೋಟಾವನ್ನು ಮುಂದಿನಿಂದ ಹೊಡೆದರೆ ಅದು ಸಿಡಿಯಬಹುದು, ಸಿಡಿದರೆ ಸಲಾಕೆ ನಿಮ್ಮ ಅಂಗೈ ತೂರಿ ಬರುತ್ತದೆ. ಸಿಡಿಯದಿದ್ದರೂ ಗುಂಡು ಕವಚದೊಳಗೆ ಕುಸಿದು ಹೆಚ್ಚು ಅಪಾಯಕಾರಿಯಾಗುತ್ತದೆ. ಬೆಳಕಿಗೆ ಹಿಡಿದು ನಳಿಕೆಯೊಳಗೆ ಇಣುಕಬೇಡಿ. ಸ್ಲೈಡಿನ ಹಿಂದೆ ಮರದ ಕೊರಡು ಇಟ್ಟು ಸುತ್ತಿಗೆಯಿಂದ ಹೊಡೆಯಬೇಡಿ. ಮೇಜಿನ ಅಂಚಿಗೆ ಸ್ಲೈಡ್ ಸಿಕ್ಕಿಸಿ ಕುಟ್ಟಬೇಡಿ. ‘ಒಂದು ಸಲ ಹಾರಿಸಿಬಿಟ್ಟರೆ ತಾನೇ ಬಿಟ್ಟುಕೊಳ್ಳುತ್ತೆ’ ಎಂಬ ಸಲಹೆ ಕೊಡುವವರ ಮಾತು ಕೇಳಬೇಡಿ. ಸ್ಲೈಡ್ ಪೂರ್ತಿ ಮುಚ್ಚಿದೆಯೇ, ನಳಿಕೆ ತೆರವಿದೆಯೇ ಎಂದು ಅವರಿಗೂ ಗೊತ್ತಿಲ್ಲ.

ಮಾಡಬೇಕಾದ್ದು ಇಷ್ಟು. ನಳಿಕೆ ಮರಳಿನತ್ತಲೇ ಇರಲಿ, ಸೇಫ್ಟಿ ಹಾಕಲು ಬಂದರೆ ಹಾಕಿ, ಕೋಣೆಗೆ ಬೀಗ ಹಾಕಿ ಹೊರಬನ್ನಿ. ಲೈಸೆನ್ಸ್ ಇರುವ ಕೋವಿ ಅಂಗಡಿಗೋ ಸ್ಥಳೀಯ ಠಾಣೆಗೋ ಫೋನ್ ಮಾಡಿ, ‘ಸ್ಲೈಡ್ ಬರುತ್ತಿಲ್ಲ, ಒಳಗೆ ತೋಟಾ ಇರಬಹುದು’ ಎಂದು ಇದ್ದದ್ದು ಇದ್ದ ಹಾಗೆ ಹೇಳಿ. ಹೇಗೆ ತರಬೇಕು ಎಂದು ಅವರೇ ಹೇಳಲಿ. ಅಂಥ ಪಿಸ್ತೂಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬೈಕ್ ಹತ್ತಬೇಡಿ, ಬಸ್ಸಿನಲ್ಲಿ ಒಯ್ಯಬೇಡಿ.

ಮತ್ತೆ ಜೋಡಿಸುವಾಗ

ಬಿಚ್ಚುವಾಗ ಸುಮ್ಮನಿದ್ದ ಸ್ಲೈಡ್ ಜೋಡಿಸುವಾಗ ಅರ್ಧಕ್ಕೆ ನಿಲ್ಲುವುದೂ ಉಂಟು. ಸ್ಪ್ರಿಂಗ್ ಅಥವಾ ಅದರ ಕಡ್ಡಿ ತನ್ನ ಜಾಗದಲ್ಲಿ ಕೂತಿಲ್ಲ ಎಂದು ಅರ್ಥ. ಗ್ಲಾಕಿನಲ್ಲಿ ಕಡ್ಡಿಯ ಹಿಂತುದಿ ನಳಿಕೆಯ ಕೆಳಗಿನ ಅರ್ಧಚಂದ್ರದ ತೋಡಿನಲ್ಲಿ ಕೂರಬೇಕು, ಓರೆಯಾಗಿ ಕೂತಿದ್ದರೆ ಕಣ್ಣಿಗೇ ಕಾಣುತ್ತದೆ. ವಾಲ್ಟರಿನ ಸ್ಪ್ರಿಂಗಿನ ಎರಡು ತುದಿ ಒಂದೇ ಅಳತೆಯವಲ್ಲ. ಯಾವ ತುದಿ ಎತ್ತ ಇತ್ತು ಎಂದು ತೆಗೆಯುವಾಗಲೇ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಆ ಚಿತ್ರವನ್ನು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಬೇಡಿ. ಮನೆಯಲ್ಲಿ ಆಯುಧವಿದೆ ಎಂದು ಊರಿಗೆ ಸಾರುವುದರಿಂದ ಯಾರಿಗೂ ಒಳ್ಳೆಯದಾಗಿಲ್ಲ.

ಅರ್ಧಕ್ಕೆ ನಿಂತ ಸ್ಲೈಡನ್ನು ಅಂಗೈಯಿಂದ ಗುದ್ದಿ ಕೂರಿಸಬೇಡಿ. ಬಂದ ದಾರಿಯಲ್ಲೇ ಹಿಂದಕ್ಕೆ ತೆಗೆದು ಮತ್ತೆ ಹಾಕಿ. ಕೂತ ಮೇಲೆ, ಖಾಲಿ ಚೇಂಬರನ್ನು ಇನ್ನೊಮ್ಮೆ ನೋಡಿ, ಸ್ಲೈಡನ್ನು ನಾಲ್ಕೈದು ಬಾರಿ ಪೂರ್ತಿ ಎಳೆದು ಬಿಡಿ. ಎಲ್ಲೂ ಕೆರೆಯದೆ, ತಡೆಯದೆ, ತಾನಾಗಿ ಪೂರ್ತಿ ಮುಚ್ಚಿಕೊಳ್ಳಬೇಕು. ಸೇಫ್ಟಿ ಹಾಕಿ ತೆಗೆದು ನೋಡಿ. ಈ ಪರೀಕ್ಷೆಗೆ ನಿಜವಾದ ತೋಟಾ ಹಾಕಬೇಡಿ.

ರಿಪೇರಿಗೆ ಕೊಡುವಾಗ

ಊರಿನ ವೆಲ್ಡಿಂಗ್ ಅಂಗಡಿಗೆ, ಲೇತ್ ಇರುವ ಗೆಳೆಯನಿಗೆ, ಕತ್ತಿ ಮಾಡುವ ಕಮ್ಮಾರನಿಗೆ ಕೊಡಬೇಡಿ. ಅವರ ಕೈ ಎಷ್ಟೇ ಚೊಕ್ಕವಾಗಿರಲಿ, 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ ಲೈಸೆನ್ಸ್ ಇಲ್ಲದವರು ಬಂದೂಕು ರಿಪೇರಿ ಮಾಡುವಂತಿಲ್ಲ. ಕೊಡಗಿನವರಿಗೆ ಅದೇ ಕಾಯ್ದೆಯ 41ನೇ ಕಲಂ ಅಡಿ ಸಿಕ್ಕಿರುವ ವಿನಾಯಿತಿ ಆಯುಧ ಇಟ್ಟುಕೊಳ್ಳುವುದಕ್ಕೆ. ಅದನ್ನು ಯಾರ ಕೈಯಲ್ಲಾದರೂ ಬಿಚ್ಚಿಸಬಹುದು ಎಂಬ ಅರ್ಥ ಅದಕ್ಕಿಲ್ಲ.

ಅರ್ಧ ಬಿಚ್ಚಿದ ಪಿಸ್ತೂಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುರಿದುಕೊಂಡು ಹೋಗಬೇಡಿ. ಬಿಚ್ಚಿಕೊಂಡ ಭಾಗಗಳನ್ನು ಒಂದೊಂದಾಗಿ ಕಾಗದದಲ್ಲಿ ಸುತ್ತಿ. ಲೈಸೆನ್ಸ್ ಪುಸ್ತಕ ಅಥವಾ ವಿನಾಯಿತಿ ಪತ್ರ ಜೊತೆಗಿರಲಿ. ರಿಪೇರಿಯವರಿಗೆ ನೀವು ಮಾಡಿದ್ದನ್ನೆಲ್ಲ ಹೇಳಿ: ಯಾವ ಎಣ್ಣೆ ಬಿಟ್ಟಿರಿ, ಎಲ್ಲಿ ಮೀಟಿದಿರಿ, ಕೊನೆಯ ಸಲ ಹಾರಿಸಿದ್ದು ಯಾವ ತೋಟಾ, ಸದ್ದು ಹೇಗಿತ್ತು. ಸುತ್ತಿಗೆ ಪೆಟ್ಟು ಬಿದ್ದಿದ್ದರೆ ಅದನ್ನೂ ಹೇಳಿ. ಅವರು ಎಲ್ಲಿಂದ ಬಿಚ್ಚಲು ತೊಡಗಬೇಕು ಎನ್ನುವುದು ಅದರ ಮೇಲೆ ನಿಂತಿದೆ. ಆಯುಧ ಬಿಟ್ಟು ಬರುವಾಗ ನಂಬರ್ ಸಹಿತ ರಸೀದಿ ಬರೆಸಿಕೊಳ್ಳಿ, ಮರಳಿ ಪಡೆಯುವಾಗ ಅಂಗಡಿಯಲ್ಲೇ ಸ್ಲೈಡ್ ತೆರೆಸಿ, ಚೇಂಬರ್ ನೋಡಿಕೊಂಡು ಹೊರಡಿ.